ಹೊರದೇಶದ ಗೆಳೆಯರು ಬಂದಾರ, ಯಾವ ಗುಡಿ ತೋರಸೋಣ? ಹುಬ್ಬಳ್ಳಿ-ಧಾರವಾಡದವರಿಗೊಂದು ಹೋಲಿಕೆ

ದೀಪಾವಳಿ ಮುಗಿದು ಚಳಿ ಬಿದ್ದಿತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "ಜರ್ಮನಿಯಿಂದ ಮಗನ ಆಫೀಸಿನ ಗೆಳೆಯಾ ಬರಾಕತ್ತಾನ್ರಿ, ಎರಡ ದಿನ ಇರ್ತಾನ. ಹಂಪಿ ತೋರಸೋಣೋ ಬಾದಾಮಿ ತೋರಸೋಣೋ?" ಇನ್ನೊಬ್ಬರದು ಬೇರೆಯೇ ಸಂಕಟ: "ನಾವು ಅಮೆರಿಕಾಕ್ಕ ಹೋದಾಗ ಅವರ ಮನ್ಯಾಗ ಇದ್ದು ಬಂದೇವಿ. ಚರ್ಚು, ಮ್ಯೂಸಿಯಂ ಒಂದೂ ಬಿಡಲಾರದಂಗ ತೋರಿಸ್ಯಾರ. ಈಗ ಅವರು ಧಾರವಾಡಕ್ಕ ಬರ್ತಾರ. ನಾವೇನ ಕಡಿಮಿ ಮಾಡಬಾರದಲ್ರಿ."

ದಾರಿ ತಪ್ಪಿಸುವುದು ಈ "ಕಡಿಮಿ ಮಾಡಬಾರದು" ಎಂಬ ಮಾತೇ. ಆ ಹಟಕ್ಕೆ ಬಿದ್ದವರು ನಸುಕಿನಲ್ಲೆದ್ದು ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. ನಡುರಾತ್ರಿ ಮನೆ ಮುಟ್ಟಿದ ಅತಿಥಿಗೆ ಯಾವ ಶಿಲ್ಪ ಯಾವ ಊರಲ್ಲಿತ್ತು ಎಂಬುದೇ ನೆನಪಿರುವುದಿಲ್ಲ. ಅಷ್ಟು ದೂರದಿಂದ ಅವರು ಬಂದದ್ದು ಮೊದಲು ನಿಮ್ಮನ್ನು ನೋಡಲಿಕ್ಕೆ. ಗುಡಿಯ ಕಟ್ಟೆಯ ಮೇಲೆ ಕೂತು ನೀವು ನಾಲ್ಕು ಮಾತು ಆಡಲಿಕ್ಕಾಗದಂಥ ಪ್ರವಾಸವನ್ನು ಟ್ರಾವೆಲ್ಸಿನವರೇ ಮಾಡಿಸಬಲ್ಲರು, ಅದಕ್ಕೆ ನೀವು ಬೇಕಿಲ್ಲ.

ಆದ್ದರಿಂದ ಊರಿನ ಹೆಸರು ಎತ್ತುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಗಾಡಿಯಲ್ಲಿ ಎಷ್ಟು ತಾಸು? ದೂರದ ವಿಮಾನ ಇಳಿದವರಿಗೆ ಮೊದಲ ಒಂದೆರಡು ದಿನ ಮಧ್ಯಾಹ್ನವೇ ಕಣ್ಣು ಎಳೆಯುತ್ತದೆ. ಅಂಥವರನ್ನು ಹೋಗಿಬರಲು ಆರು ತಾಸು ಕೂಡಿಸಿದರೆ ಗುಡಿ ಬಂದಾಗ ಅವರು ನಿದ್ದೆಯಲ್ಲಿರುತ್ತಾರೆ. ಎರಡನೆಯದು, ಅವರಿಗೆ ಬೇಕಾದದ್ದು ಹಳೆಯ ಕಲ್ಲೋ, ಇವತ್ತಿಗೂ ಗಂಟೆ ಬಾರಿಸುವ ಗುಡಿಯೋ? ಇದನ್ನು ನಮ್ಮವರು ಕೇಳುವುದೇ ಇಲ್ಲ. ಪುರಾತತ್ವ ಇಲಾಖೆಯ ಹುಲ್ಲುಹಾಸಿನ ನಡುವೆ ನಿಂತ ಗುಡಿ ಚೆಂದ, ನಿಜ. ಆದರೆ ಅಂಥ ಖಾಲಿ ಸ್ಮಾರಕಗಳು ಹೊರದೇಶದವರಿಗೆ ತಮ್ಮಲ್ಲೂ ಸಿಗುತ್ತವೆ. ಸಾವಿರ ವರ್ಷದ ಗುಡಿಯಲ್ಲಿ ಒಬ್ಬ ಅಜ್ಜಿ ಎಣ್ಣೆ ಬತ್ತಿ ತಂದು ದೀಪ ಹಚ್ಚಿ ಹೋಗುವುದು ಎಲ್ಲ ಕಡೆ ಸಿಗುವುದಿಲ್ಲ. ಮೂರನೆಯದು ಮೈಯ ಲೆಕ್ಕ: ಮೆಟ್ಟಿಲು, ಬಿಸಿಲು, ಬರಿಗಾಲು, ಶೌಚಾಲಯ, ಖಾರ. ನಾಲ್ಕನೆಯದು, ಆ ಗುಡಿಯ ಬಗ್ಗೆ ನಿಮಗೆ ಹೇಳಲು ಏನಾದರೂ ಗೊತ್ತೋ? ಗೊತ್ತಿಲ್ಲದಿದ್ದರೆ ಅಲ್ಲಿ ಗೈಡ್ ಸಿಗುತ್ತಾರೋ? ಕಡೆಗೆ ಖರ್ಚು.

ಖರ್ಚಿನಲ್ಲಿ ಟಿಕೆಟಿನ ವಿಷಯ ಈಗಲೇ ಹೇಳಿಬಿಡುವೆ. ಪಟ್ಟದಕಲ್ಲು, ಹಂಪಿಯಂಥ ವಿಶ್ವ ಪರಂಪರೆಯ ತಾಣಗಳಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಬಾದಾಮಿ ಗುಹೆ, ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ ನಮಗೆ 25, ಅವರಿಗೆ 300. ಅಂದರೆ ಬಾದಾಮಿ ಕಡೆಯ ಒಂದು ದಿನಕ್ಕೆ ಅತಿಥಿಯೊಬ್ಬರಿಗೆ ಬರೀ ಟಿಕೆಟಿಗೇ 1,200 ರೂಪಾಯಿ. ನಾಲ್ವರ ಕುಟುಂಬ ಬಂದರೆ ಅದು ಸಣ್ಣ ಮೊತ್ತವಲ್ಲ. ಆದರೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ನಿಮ್ಮ ಗೆಳೆಯರು ಇಲ್ಲಿಂದಲೇ ಹೋಗಿ ಅಲ್ಲಿನ ಪೌರತ್ವ ಪಡೆದವರಾಗಿದ್ದು ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಅವರಿಗೂ ನಮ್ಮ ದರವೇ. ಕಾರ್ಡ್ ಕೈಯಲ್ಲಿರಬೇಕು ಅಷ್ಟೇ. ಮನೆಯ ಸೂಟ್‌ಕೇಸಿನಲ್ಲಿದ್ದರೆ ಕೌಂಟರಿನವನು ನಂಬುವುದಿಲ್ಲ. ನೇಪಾಳ, ಶ್ರೀಲಂಕಾ, ಥಾಯ್ಲೆಂಡಿನವರಿಗೂ ಇದೇ ರಿಯಾಯಿತಿ ಉಂಟು. ಲಕ್ಕುಂಡಿ, ಡಂಬಳ, ಹಾವೇರಿ ಕಡೆಯ ಗುಡಿಗಳಿಗೆ ಟಿಕೆಟಿನ ತಾಪತ್ರಯವೇ ಇಲ್ಲ.

ಗದಗ, ಲಕ್ಕುಂಡಿ, ಡಂಬಳ

ಒಂದೇ ದಿನ ಇರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವ ದಾರಿ ಇದು. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರು, ಅಲ್ಲಿಂದ ಹೊಸಪೇಟೆ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರು ಹೋದರೆ ಲಕ್ಕುಂಡಿ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಬಿಸಿಲೇರುವ ಮೊದಲು ಗುಡಿಯಲ್ಲಿರುತ್ತೀರಿ.

ಲಕ್ಕುಂಡಿಯ ಗುಣವೆಂದರೆ ಅದು ಇನ್ನೂ ಊರಾಗಿಯೇ ಇದೆ. ಕಾಶಿ ವಿಶ್ವೇಶ್ವರ ಗುಡಿಯ ಆವರಣ ದಾಟಿದರೆ ಯಾರದೋ ಅಂಗಳ, ಕಟ್ಟಿದ ಎಮ್ಮೆ, ಒಣಹಾಕಿದ ಮೆಣಸಿನಕಾಯಿ. ಆ ಗುಡಿಯ ಬಾಗಿಲುವಾಡದ ಕೆತ್ತನೆಯ ಮುಂದೆ ಅತಿಥಿಯನ್ನು ನಿಲ್ಲಿಸಿ ಸುಮ್ಮನಿರಿ. ಎದುರುಬದುರು ನಿಂತ ಎರಡು ಗರ್ಭಗುಡಿಗಳಲ್ಲಿ ಒಂದು ಶಿವನದು, ಇನ್ನೊಂದು ಸೂರ್ಯನದು. ಬಾದಾಮಿಯ ಕೆಂಪು ಮರಳುಗಲ್ಲು ಬಿಟ್ಟು ನಮ್ಮ ಶಿಲ್ಪಿಗಳು ನುಣುಪಾದ ಬಳಪದ ಕಲ್ಲು ಹಿಡಿದ ಮೇಲೆ ಉಳಿಗೆ ಎಂಥ ಸ್ವಾತಂತ್ರ್ಯ ಸಿಕ್ಕಿತೆಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಚಕ್ರಕ್ಕೆ ಕಟ್ಟಿ ಕಡೆದಂಥ ಕಂಬಗಳಲ್ಲಿ ನಿಮ್ಮ ಮುಖದ ನೆರಳು ಬೀಳುತ್ತದೆ.

ಕತೆ ಬೇಕೆನ್ನುವವರನ್ನು ಬ್ರಹ್ಮ ಜಿನಾಲಯಕ್ಕೆ ಕರೆದೊಯ್ಯಿರಿ. 1007ರಲ್ಲಿ ಇದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದವಳು ಅವಳೇ. ರನ್ನನಿಗೆ ಆಶ್ರಯ ಕೊಟ್ಟವಳೂ ಅವಳೇ. ಜರ್ಮನಿಯ ಗೆಳೆಯನಿಗೆ ಇದನ್ನು ಹೇಳಿ ನೋಡಿ. ಗುಟೆನ್‌ಬರ್ಗ್ ಅಚ್ಚಿನ ಮೊಳೆ ಜೋಡಿಸುವುದಕ್ಕೆ ನಾನೂರಕ್ಕೂ ಹೆಚ್ಚು ವರ್ಷ ಮುಂಚೆ ಒಬ್ಬ ಹೆಣ್ಣುಮಗಳು ಸ್ವಂತ ಖರ್ಚಿನಲ್ಲಿ ಒಂದು ಪುಸ್ತಕದ ಸಾವಿರ ಪ್ರತಿ ಹಂಚಿದಳೆಂದರೆ ಯಾರಾದರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಮಕ್ಕಳಿದ್ದರೆ ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿ ತಪ್ಪಿಸಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗುವ ಆ ಬಾವಿಯ ಮುಂದೆ ಫೋನಿಗೆ ಕೆಲಸವೋ ಕೆಲಸ.

ಇನ್ನುಳಿದ ದಿನಕ್ಕೆ ಎರಡು ದಾರಿ. ಒಂದು, ಡಂಬಳದ ದೊಡ್ಡಬಸಪ್ಪನ ಗುಡಿ. ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದ ತಳವಿನ್ಯಾಸದ ಈ ಗುಡಿಯ ಸುತ್ತ ಅತಿಥಿಯೇ ಮೂಲೆ ಎಣಿಸುತ್ತ ಒಂದು ಸುತ್ತು ಬರಲಿ, ನಡುವೆ ಲೆಕ್ಕ ತಪ್ಪುತ್ತದೆ, ಮತ್ತೊಂದು ಸುತ್ತು ಬರುತ್ತಾರೆ. ಇದೇ ಡಂಬಳದಲ್ಲಿ ಬೌದ್ಧರ ತಾರಾದೇವಿಯ ವಿಹಾರವಿತ್ತೆಂದು 1095ರ ಶಾಸನ ಹೇಳುತ್ತದೆ. ಇನ್ನೊಂದು ದಾರಿ ಇಟಗಿಯ ಮಹಾದೇವ ಗುಡಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ, ಉಬ್ಬಿಸಿ ಹೇಳಿದ್ದಲ್ಲ. ಕೊಪ್ಪಳ ಜಿಲ್ಲೆಗೆ ಸೇರಿದರೂ ಲಕ್ಕುಂಡಿಯಿಂದ ಮುಂದೆ ಹೋಗಿ ಒಳಕ್ಕೆ ತಿರುಗಿದರೆ ಆಯಿತು. ಎರಡನ್ನೂ ಮಾಡುವ ಆಸೆ ಬೇಡ. ಶಿಲ್ಪದ ಹುಚ್ಚಿದ್ದವರಿಗೆ ಇಟಗಿ, ಉಳಿದವರಿಗೆ ಡಂಬಳ.

ಮಧ್ಯಾಹ್ನದ ಊಟಕ್ಕೆ ಗದಗಿನ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ಖಾರದ ಪಲ್ಯ ಬೇರೆ ಬಟ್ಟಲಲ್ಲಿ ಕೇಳಿ. ಶೌಚಾಲಯದ ಕೆಲಸವನ್ನೂ ಗದಗಿನ ಹೋಟೆಲ್ಲಿನಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಹಳ್ಳಿಗಳಲ್ಲಿ ಅದು ಕಷ್ಟ.

ಸಂಜೆಯನ್ನು ಗದಗಿಗೇ ಇಟ್ಟುಕೊಳ್ಳಿ, ಏಕೆಂದರೆ ಪೂಜೆ ನಡೆಯುವ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ತ್ರಿಕೂಟೇಶ್ವರದಲ್ಲಿ ಮೂರು ಲಿಂಗ, ಅದೇ ಆವರಣದ ಸರಸ್ವತಿ ಗುಡಿಯಲ್ಲಿ ಕೆತ್ತನೆಯ ಕಂಬಗಳು. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕೂತು ಭಾರತ ಬರೆದನೆಂದು ನಂಬುವ ಕಂಬವಿದೆ. ಒದ್ದೆಬಟ್ಟೆಯಲ್ಲಿ ಬಂದು ಕೂತು, ಬಟ್ಟೆ ಒಣಗುವವರೆಗೆ ಮಾತ್ರ ಬರೆಯುತ್ತಿದ್ದನಂತೆ. ಸಂಗೀತ ಪ್ರೀತಿಸುವವರಾದರೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಹಿಂದೂಸ್ತಾನಿ ಕಲಿಸುತ್ತ ಬೆಳೆಸಿದ ಜಾಗ. ಧರ್ಮ ಎಂದರೆ ನಮ್ಮ ಕಡೆ ಏನೇನೆಲ್ಲ ಆಗಬಲ್ಲುದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಮನೆ ನನಗೆ ಗೊತ್ತಿಲ್ಲ.

ಟ್ಯಾಕ್ಸಿಯವರು ದಿನಕ್ಕೆ ಇಷ್ಟು ಕಿಲೋಮೀಟರೆಂದು ಕನಿಷ್ಠ ಲೆಕ್ಕ ಹಿಡಿಯುತ್ತಾರೆ, ಸಾಮಾನ್ಯವಾಗಿ 250 ಇಲ್ಲವೇ 300. ಗದಗ, ಲಕ್ಕುಂಡಿ, ಡಂಬಳ ಸುತ್ತಿ ಬಂದರೂ ಅಷ್ಟಾಗುವುದಿಲ್ಲ, ಆದರೂ ದುಡ್ಡು ಅಷ್ಟೇ. ಹೀಗಾಗಿ ದಾರಿಯಲ್ಲಿ ಅಣ್ಣಿಗೇರಿಗೆ ಇಳಿದು ಅಮೃತೇಶ್ವರ ಗುಡಿಯ ಕಂಬಗಳ ಸಾಲು ನೋಡಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಕೈ ಬಿಗಿ ಇದ್ದರೆ ಸಾರಿಗೆ ಬಸ್ಸು, ಇಲ್ಲವೇ ಗದಗಿನವರೆಗೆ ರೈಲು, ಮುಂದೆ ಆಟೊ. ಬಸ್ಸಿನಲ್ಲಿ ಮನೆಯ ಯಜಮಾನಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ವಿದೇಶಿ ಗೆಳತಿಗೆ ಪೂರ್ತಿ ಟಿಕೆಟ್ಟು. ಆ ವ್ಯತ್ಯಾಸ ವಿವರಿಸುವಷ್ಟರಲ್ಲಿ ಅಣ್ಣಿಗೇರಿ ಬಂದಿರುತ್ತದೆ.

ಹಾವೇರಿ ಕಡೆ

ಇದನ್ನು ಆರಿಸುವವರು ಕಡಿಮೆ. ಆದರೆ ಕೆಲವರಿಗೆ ಇದೇ ಸರಿ: ಬಾದಾಮಿ, ಹಂಪಿ ಎರಡನ್ನೂ ಹಿಂದೆಯೇ ನೋಡಿದವರು, ಜನಜಂಗುಳಿ ಬೇಡವೆನ್ನುವವರು, ಹೊಳೆ ದಂಡೆಯಲ್ಲಿ ಕೂರಲು ಇಷ್ಟಪಡುವವರು. ಹೆದ್ದಾರಿ ಚೆನ್ನಾಗಿರುವುದರಿಂದ ಕಾರು ಓಡುತ್ತದೆ. ಹೆದ್ದಾರಿ ಬಿಟ್ಟು ಒಳಗೆ ಹೊಕ್ಕ ಮೇಲೆ ನಿಧಾನ.

ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ಅರವತ್ತಾರು ಕಂಬದ ಗುಡಿ ಎನ್ನುತ್ತಾರೆ. ನೆಲಮಟ್ಟಕ್ಕಿಂತ ತಗ್ಗಿನಲ್ಲಿದೆ, ಸುತ್ತ ನವಿಲುಧಾಮ. ಬೆಳಿಗ್ಗೆ ಬೇಗ ಹೋದವರಿಗೆ ನವಿಲು ಕಾಣುತ್ತವೆ, ತಡವಾದವರಿಗೆ ಬರೀ ಕೂಗು. ಹಾವೇರಿ ಪಟ್ಟಣದ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದ್ದು, ಆದ್ದರಿಂದ ಇಳಿಹೊತ್ತಿನ ಬೆಳಕು ನೇರ ಮುಖಮಂಟಪಕ್ಕೆ ಬೀಳುತ್ತದೆ. ಇದು ಪೂಜೆ ನಡೆಯುವ ಗುಡಿ, ಹತ್ತಿಳಿಯುವ ತ್ರಾಸಿಲ್ಲ, ವಯಸ್ಸಾದವರಿಗೆ ಹೇಳಿ ಮಾಡಿಸಿದ್ದು.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಪಶ್ಚಿಮಕ್ಕೆ ಹಾನಗಲ್ಲಿನ ತಾರಕೇಶ್ವರ. ಕತ್ತು ನೋಯುವವರೆಗೆ ನೋಡಬಹುದಾದ ಕಮಲದ ಮುಚ್ಚಿಗೆ ಅಲ್ಲಿಯದು. ಪೂರ್ವಕ್ಕೆ ತುಂಗಭದ್ರೆ: ದಂಡೆಯ ಮೇಲೆ ಚೌಡಯ್ಯದಾನಪುರದ ಮುಕ್ತೇಶ್ವರ, ವರದಾ ಬಂದು ಕೂಡುವಲ್ಲಿ ಗಳಗನಾಥದ ಗಳಗೇಶ್ವರ. ನಾನಾದರೆ ಪೂರ್ವಕ್ಕೇ ತಿರುಗುವೆ. ದೋಣಿ ಹಾಕುತ್ತಿದ್ದ ಅಂಬಿಗರ ಚೌಡಯ್ಯನ ಹೆಸರಿನ ಊರು, ಎದುರಿಗೆ ಹೊಳೆ. ಹನ್ನೆರಡನೆಯ ಶತಮಾನದಲ್ಲಿ ದೋಣಿಯವನು, ಚಪ್ಪಲಿ ಹೊಲಿಯುವವನು, ಕಟ್ಟಿಗೆ ಮಾರುವವನು ವಚನ ಬರೆದರೆಂದು ಹೇಳಲು ಇದಕ್ಕಿಂತ ತಕ್ಕ ಜಾಗ ಬೇಡ. ಕೊರತೆಯೆಂದರೆ ಇಲ್ಲಿ ಗೈಡ್ ಸಿಗುವುದಿಲ್ಲ, ಊಟ ಸಿಗುವುದಿಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಬೇಕು, ಕತೆ ನೀವೇ ಹೇಳಬೇಕು.

ಧರ್ಮದ ಬಗ್ಗೆ ಗಂಭೀರವಾಗಿ ಕೇಳುವ ಅತಿಥಿಯಾದರೆ ಶಿಶುನಾಳಕ್ಕೂ ಹೋಗಿ ಬನ್ನಿ. ಮುಸಲ್ಮಾನ ಶಿಷ್ಯ ಶರೀಫರು, ಬ್ರಾಹ್ಮಣ ಗುರು ಗೋವಿಂದ ಭಟ್ಟರು. ಆ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಉಡುಗೊರೆಗೆ ಹಾವೇರಿಯ ಏಲಕ್ಕಿ ಹಾರ ಕೊಳ್ಳಿ, ಹಗುರ, ಸೂಟ್‌ಕೇಸಿನಲ್ಲಿ ಬಟ್ಟೆಗೂ ವಾಸನೆ ಹಿಡಿಯುತ್ತದೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆ

ಹೆಸರಿನಿಂದ ಗೆಲ್ಲುವುದು ಇದು, ಸುಳ್ಳಲ್ಲ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ಬಾದಾಮಿಗೆ ನೂರಕ್ಕೂ ಸ್ವಲ್ಪ ಹೆಚ್ಚು ಕಿಲೋಮೀಟರು. ಚಾಲುಕ್ಯರ ಮಂಗಲೇಶ ಮಾಡಿಸಿದ 578ರ ಮೂರನೆಯ ಗುಹೆ, ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜ, ಮೇಲಿನಿಂದ ಕಾಣುವ ಅಗಸ್ತ್ಯ ತೀರ್ಥ. ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ಶಿಖರ ಒಂದೇ ಹುಲ್ಲುಹಾಸಿನ ಮೇಲೆ ಅಕ್ಕಪಕ್ಕ ನಿಂತಿರುವುದು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಸಿಗದು. ಅಲ್ಲಿನ ವಿರೂಪಾಕ್ಷ ಗುಡಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು.

ಆದರೆ ಒಂದು ದಿನದಲ್ಲಿ ಹೋಗಿಬರುವವರು ಐಹೊಳೆ ಬಿಡಲೇಬೇಕೆಂದು ನನ್ನ ವಾದ. ಬಾದಾಮಿ, ಪಟ್ಟದಕಲ್ಲು ಎರಡೇ ಸಾಕು. ಐಹೊಳೆಯ ದುರ್ಗ ಗುಡಿ, ಮೇಗುತಿ ಗುಡ್ಡದ ಮೇಲಿನ 634ರ ರವಿಕೀರ್ತಿ ಶಾಸನ ಇವು ರಾತ್ರಿ ಬಾದಾಮಿಯಲ್ಲೇ ತಂಗುವವರಿಗೆ. ಮೊಣಕಾಲು ನೋವಿದ್ದವರಿಗೆ ಬಾದಾಮಿಯ ಮೆಟ್ಟಿಲು ಕಷ್ಟ, ಪಟ್ಟದಕಲ್ಲು ಸಲೀಸು. ಬಾದಾಮಿಯ ಮಂಗಗಳ ಬಗ್ಗೆ ಮೊದಲೇ ಎಚ್ಚರಿಸಿ: ಕೈಯಲ್ಲಿ ತಿಂಡಿಯ ಪೊಟ್ಟಣ ಕಂಡರೆ ಅವು ಪಾಸ್‌ಪೋರ್ಟಿನ ಬಣ್ಣ ನೋಡುವುದಿಲ್ಲ. ಮಾರ್ಚ್ ನಂತರ ಆ ಕೆಂಪು ಬಂಡೆ ಕಾದು ಬಿಡುತ್ತದೆ, ಮಧ್ಯಾಹ್ನ ಹತ್ತಿಸಬೇಡಿ. ಗೈಡ್‌ಗಳು ಗುಹೆಯ ಬಾಗಿಲಲ್ಲೇ ಸಿಗುತ್ತಾರೆ, ನಿಮಗೆ ಇತಿಹಾಸ ಅಷ್ಟಕ್ಕಷ್ಟೇ ಆಗಿದ್ದರೆ ಇದೇ ಈ ದಾರಿಯ ದೊಡ್ಡ ಅನುಕೂಲ. ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ. ಪೂಜೆ ನೋಡಬೇಕೆಂದರೆ ಪಕ್ಕದ ಬನಶಂಕರಿ ಇದೆ. ಬರುವಾಗ ನವಲಗುಂದದಲ್ಲಿ ಇಳಿದು ಜಮಖಾನ ನೇಯುವುದನ್ನು ತೋರಿಸಿದರೆ ಅತಿಥಿಗೆ ಆ ಅರ್ಧ ತಾಸೇ ಹೆಚ್ಚು ಇಷ್ಟವಾದರೂ ಆಶ್ಚರ್ಯವಿಲ್ಲ.

ಹಂಪಿ

ಒಂದು ರಾತ್ರಿ ತಂಗಲು ಆಗದಿದ್ದರೆ ಹಂಪಿಯ ಹೆಸರೆತ್ತಬೇಡಿ. ಹೋಗಿಬರಲು ಮುನ್ನೂರು ಕಿಲೋಮೀಟರಿಗೂ ಮೀರುತ್ತದೆ, ತಾಣವೇ ಕಿಲೋಮೀಟರ್‌ಗಟ್ಟಲೆ ಹರಡಿದೆ. ಅವಸರದಲ್ಲಿ ವಿಠ್ಠಲ ಗುಡಿಯ ಕಲ್ಲಿನ ತೇರಿನ ಮುಂದೆ ಫೋಟೊ ತೆಗೆಸಿಕೊಂಡು ಬಂದರೆ ಅದು ಹಂಪಿಯಲ್ಲ. ತಂಗುವುದಾದರೆ ಮಾತ್ರ ಅದಕ್ಕೆ ಸಾಟಿಯಿಲ್ಲ, ಏಕೆಂದರೆ ಹಾಳೂರಿನ ನಡುವೆ ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಿಲ್ಲದೆ ನಡೆದಿದೆ. ಹಳೆಯ ಕಲ್ಲು, ಬಾರಿಸುವ ಗಂಟೆ ಎರಡೂ ಬೇಕೆನ್ನುವವರಿಗೆ ಒಂದೇ ಜಾಗದಲ್ಲಿ ಸಿಕ್ಕಿತು. ಕಾರಿನಲ್ಲಿ ಹೋಗುವವರಿಗೆ ಲಕ್ಕುಂಡಿ ದಾರಿಯ ಮೇಲೇ ಇರುವುದರಿಂದ ಅಲ್ಲಿ ಎರಡು ತಾಸು ಕಳೆದು ಸಂಜೆ ಹೊಸಪೇಟೆ ಸೇರಬಹುದು. ಹಣ ಉಳಿಸುವವರಿಗೆ ಹೊಸಪೇಟೆಯವರೆಗೆ ರೈಲಿದೆ. ಒಂದು ಮಾತು: ಸಣ್ಣ ಲಾಡ್ಜಿನವರು ಕೆಲವರು ವಿದೇಶಿ ಪಾಸ್‌ಪೋರ್ಟಿನವರಿಗೆ ಕೋಣೆ ಕೊಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಅರ್ಧ ದಿನವಷ್ಟೇ ಇದ್ದರೆ

ಊರು ಬಿಟ್ಟು ಹೋಗಬೇಡಿ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚಾಲುಕ್ಯರ ಕಾಲದ ಗುಡಿ, ಮನೆಗಳ ನಡುವೆ ಅಡಗಿದೆ. ಹುಬ್ಬಳ್ಳಿಯವರೇ ಎಷ್ಟೋ ಜನ ನೋಡಿಲ್ಲ. ಸಂಜೆ ಸಿದ್ಧಾರೂಢ ಮಠ. 1929ರಲ್ಲಿ ದೇಹ ಬಿಟ್ಟ ಸ್ವಾಮಿಗಳ ಗದ್ದುಗೆಯ ಮುಂದೆ ಭಜನೆ ನಡೆದಿರುತ್ತದೆ, ಯಾರು ಎಲ್ಲಿಯವರೆಂದು ಯಾರೂ ಕೇಳುವುದಿಲ್ಲ. ಅವರದೇ ಹೆಸರಿನ ರೈಲು ನಿಲ್ದಾಣದಲ್ಲಿ ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರು. ಗುಡಿ ನೋಡಿ ದಣಿದ ಗಂಡಸರಿಗೆ ಅದನ್ನು ತೋರಿಸಿದರೆ ಹುರುಪು ಮರಳುತ್ತದೆ.

ಎರಡು ದಿನ ಇರುವವರಿಗೆ ಮೊದಲ ದಿನ ಈ ಅರ್ಧ ದಿನದ ಸುತ್ತು, ಎರಡನೆಯ ದಿನ ಲಕ್ಕುಂಡಿ. ಮೂರು ದಿನವಿದ್ದು, ಕೈಯಲ್ಲಿ ದುಡ್ಡಿದ್ದು, ಮೈಯಲ್ಲಿ ಕಸುವಿದ್ದರೆ ಬಾದಾಮಿಯಲ್ಲಿ ಒಂದು ರಾತ್ರಿ ಇಲ್ಲವೇ ಹಂಪಿಯಲ್ಲಿ ಒಂದು ರಾತ್ರಿ. ಎರಡೂ ಅಲ್ಲ. ಎರಡರ ನಡುವೆ ಮನಸ್ಸು ತೂಗಾಡಿದರೆ ಅತಿಥಿಗೇ ಕೇಳಿ: ಶಿಲ್ಪದ ಹುಟ್ಟು ನೋಡಬೇಕೋ, ಒಂದು ರಾಜಧಾನಿಯ ಉಳಿಕೆ ನೋಡಬೇಕೋ? ಮೊದಲನೆಯದಾದರೆ ಬಾದಾಮಿ. ಸಣ್ಣ ಮಕ್ಕಳ ಕುಟುಂಬಕ್ಕೆ ಎಷ್ಟು ದಿನವಿದ್ದರೂ ಗದಗಿನ ದಾರಿಯೇ.

ಹೊರಡುವ ಮುನ್ನ ಕೆಲವು ಸಣ್ಣ ಮಾತು. ಅತಿಥಿ ನಿಮ್ಮ ಮನೆಯಲ್ಲೇ ತಂಗಿದ್ದರೆ 24 ತಾಸಿನೊಳಗೆ ಅವರು ತಂಗಿದ ವಿವರವನ್ನು ಸರಕಾರಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಹೊಣೆ ನಿಮ್ಮದು. ಹೋಟೆಲ್ಲಾದರೆ ಅವರೇ ತುಂಬುತ್ತಾರೆ. ಪೂಜೆ ನಿಂತ ಗುಡಿಯಲ್ಲೂ ಚಪ್ಪಲಿ ಹೊರಗೇ, ಆದ್ದರಿಂದ ಕಾದ ಕಲ್ಲಿಗೆ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಲು ಹೇಳಿ. ಗರ್ಭಗುಡಿಯ ಫೋಟೊ ಬೇಡ, ಉಳಿದಲ್ಲಿ ಅರ್ಚಕರನ್ನು ಒಂದು ಮಾತು ಕೇಳಿ. ಮಂಗಳಾರತಿ ತಟ್ಟೆ ಮುಂದೆ ಬಂದಾಗ ಏನು ಮಾಡಬೇಕೆಂದು ಗೊತ್ತಿಲ್ಲದೆ ಅವರು ಗಲಿಬಿಲಿಗೊಳ್ಳುತ್ತಾರೆ. ಹತ್ತರ ನಾಲ್ಕು ನೋಟು ಮೊದಲೇ ಕೈಗೆ ಕೊಟ್ಟಿರಿ.